ಬಾಯಿಲ್ಲದವನು

ಕೌಂಟರಿನ ಹುಡುಗಿ "ಏನು ತೊಂದರೆ?" ಎಂದು ಕೇಳಿದಾಗ ಅವನು ನಿಜ ಹೇಳಬೇಕಾಗಿತ್ತು. ನಿಜ ಅಷ್ಟೇನೂ ದೊಡ್ಡದಲ್ಲ. ನಾನು ಪೇಷೆಂಟಲ್ಲಮ್ಮ, ನಿಮ್ಮ ಡಾಕ್ಟರು ಕಳಿಸುವ ಅಚ್ಚು ನೋಡಿಕೊಂಡು ಹಲ್ಲಿನ ಸೆಟ್ಟು ಮಾಡಿಕೊಡುವವನು, ಒಂದೂವರೆ ತಿಂಗಳಿಂದ ನಿಮ್ಮ ಕಡೆಯಿಂದ ಕೆಲಸ ಬಂದಿಲ್ಲ, ಯಾಕೆ ಅಂತ ಕೇಳಿಕೊಂಡು ಹೋಗೋಣ ಅಂತ ಬಂದೆ. ಇಷ್ಟೇ. ಬಸ್ಸಿನಲ್ಲಿ ಬರುವಾಗ ಇದನ್ನು ಹನ್ನೊಂದು ಸಲ ಹೇಳಿಕೊಂಡಿದ್ದ. ತುಟಿ ಅಲ್ಲಾಡುವುದನ್ನು ಕಂಡು ಪಕ್ಕದಲ್ಲಿದ್ದವರು ಎದ್ದು ಹಿಂದಿನ ಸೀಟಿಗೆ ಹೋಗಿದ್ದರು. ಆದರೆ ಹುಡುಗಿ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದಳು, ಬೆನ್ನ ಹಿಂದೆ ಇಬ್ಬರು ನಿಂತಿದ್ದರು, ಒಬ್ಬರು ಕೆಮ್ಮಿದರು. ಅವನ ಬಾಯಿಂದ ಬಂದದ್ದು "ಬಲಗಡೆ" ಎಂಬ ಒಂದೇ ಮಾತು. "ಮೇಲೋ, ಕೆಳಗೋ?" "ಕೆಳಗೆ." ಹುಡುಗಿ ಬರೆದುಕೊಂಡು, ಕೂತ್ಕೊಳ್ಳಿ ಕರೀತಾರೆ ಅಂದಳು. ಬಲಗಡೆ ಕೆಳಗೆ ಅವನಿಗೆ ಯಾವ ನೋವೂ ಇರಲಿಲ್ಲ. ಹೋಗಿ ಕೂತುಕೊಂಡ.

ಎರಡು ಸಾಲು ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಕುಡಿಯುವ ನೀರಿನ ಕ್ಯಾನು, ಗೋಡೆಯ ಮೇಲೆ ನಗುತ್ತಿರುವ ಕುಟುಂಬದ ಪೋಸ್ಟರು. ಪೋಸ್ಟರಿನ ನಾಲ್ಕೂ ಜನಕ್ಕೆ ಒಂದೇ ಅಳತೆಯ ಹಲ್ಲು, ಅಪ್ಪನಿಗೂ ಮಗಳಿಗೂ. ಯಾರೋ ಅವಸರದಲ್ಲಿ ಮಾಡಿ ಮುಗಿಸಿದ ಕೆಲಸ ಎಂದುಕೊಂಡ. ಇಪ್ಪತ್ತೆರಡು ವರ್ಷದಿಂದ ಹಲ್ಲು ಮಾಡಿ ಮಾಡಿ ಅವನಿಗೆ ಜನ ಕಾಣುವುದು ಮೂಗಿನಿಂದ ಕೆಳಗೆ ಮಾತ್ರ. ಹೆಸರು ನೆನಪಿರುವುದಿಲ್ಲ, ಮುಖ ನೆನಪಿರುವುದಿಲ್ಲ, ಸವೆದ ದವಡೆ ನೆನಪಿರುತ್ತದೆ. ಒಮ್ಮೆ ಬಸ್ಸಿನಲ್ಲಿ ಎದುರಿಗೆ ಕೂತ ಮುದುಕರೊಬ್ಬರು ಫೋನಿನಲ್ಲಿ ಯಾರ ಮಾತಿಗೋ ಬಾಯ್ತುಂಬ ನಕ್ಕಾಗ ಅವರ ಬಾಯಲ್ಲಿ ತನ್ನದೇ ಹಲ್ಲುಗಳನ್ನು ಕಂಡ. ಅವನು ಮಾಡಿದ್ದೆಂಬುದಕ್ಕೆ ಗುರುತಿರುತ್ತದೆ: ಮೇಲಿನ ಎಡ ಕೋರೆಹಲ್ಲನ್ನು ಕೂದಲೆಳೆಯಷ್ಟು ವಾರೆ ಕೂರಿಸುತ್ತಾನೆ, ಇಲ್ಲದಿದ್ದರೆ ಹಲ್ಲು ಹಲ್ಲಿನ ಹಾಗೆ ಕಾಣುವುದಿಲ್ಲ. ಸಂತೋಷವಾಗಬೇಕಿತ್ತು. ಅವರೆಲ್ಲಿ ತನ್ನ ಗುರುತು ಹಿಡಿದುಬಿಡುತ್ತಾರೋ ಎಂದು ಎರಡು ಸ್ಟಾಪು ಮುಂಚೆಯೇ ಇಳಿದು ನಡೆದು ಮನೆಗೆ ಹೋದ. ಮುದುಕರು ಅವನನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಡಾಕ್ಟರುಗಳೂ ನೋಡಿರಲಿಲ್ಲ. ಅಚ್ಚುಗಳು ಡಬ್ಬಿಯಲ್ಲಿ ಬರುತ್ತಿದ್ದವು, ಹಲ್ಲುಗಳು ಡಬ್ಬಿಯಲ್ಲಿ ಹೋಗುತ್ತಿದ್ದವು, ನಡುವಿನ ಮಾತೆಲ್ಲ ಹಲ್ಲು ಮಾಡುವ ಅಂಗಡಿಯ ಯಜಮಾನರದು.

ಯಜಮಾನರಿಗೆ ಬಾಯಿ ಇತ್ತು. "ಇವನು ಬಾಯಿಲ್ಲದವನು ಕಣ್ರೀ, ಆದರೆ ಊರಿಗೆಲ್ಲ ಬಾಯಿ ಮಾಡಿಕೊಡ್ತಾನೆ" ಎಂದು ಅವನ ಬೆನ್ನು ತಟ್ಟಿ ಬಂದವರಿಗೆಲ್ಲ ಹೇಳುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಆ ಜೋಕನ್ನು ಎಷ್ಟು ಸಲ ಹೇಳಿದರೋ, ಅಷ್ಟು ಸಲವೂ ಅವನು ನಕ್ಕಿದ್ದ. ಈಗ ಯಜಮಾನರಿಗೆ ಕೈ ನಡುಗುತ್ತಿತ್ತು. ಮೇಣ ಕೆತ್ತುವ ಚಾಕು ಹಿಡಿದರೆ ಮೇಣದ ಬದಲು ಹೆಬ್ಬೆರಳು ಕೆತ್ತಿಕೊಳ್ಳುತ್ತಿದ್ದರು. ಹೋದ ವಾರ ಪಾಲಿಶ್ ಯಂತ್ರ ನಿಲ್ಲಿಸಿ, ಅವನನ್ನು ಎದುರಿಗೆ ಕೂರಿಸಿಕೊಂಡು, "ನೋಡಪ್ಪಾ, ತಿಂಗಳ ಕೊನೆಗೆ ನಾನು ಬಾಗಿಲು ಹಾಕ್ತೀನಿ. ನೀನು ನಡೆಸ್ತೀನಿ ಅಂದ್ರೆ ಯಂತ್ರ ಗಿಂತ್ರ ಎಲ್ಲ ನಿನ್ನದೇ. ಆದ್ರೆ ಡಾಕ್ಟರುಗಳನ್ನ ನಾನು ಕೊಡೋಕಾಗಲ್ಲ. ಅವರನ್ನ ನೀನೇ ಹೋಗಿ ಮಾತಾಡಿಸಬೇಕು" ಅಂದರು. ಅವನು ಯೋಚಿಸಿ ಹೇಳ್ತೀನಿ ಎಂದ. ಯೋಚಿಸಲು ಏನೂ ಇರಲಿಲ್ಲ. ಮನೆಯಲ್ಲಿ ಹೆಂಡತಿ, "ನಲವತ್ತೈದು ವರ್ಷಕ್ಕೆ ಇನ್ನೊಬ್ಬರ ಹತ್ರ ಹೋಗಿ ಕೈಕಟ್ಟಿ ನಿಂತ್ಕೋತೀರಾ? ಒಂದು ಕೆಲಸ ಮಾಡಿ. ಆ ಡಾಕ್ಟರಮ್ಮನ ಹತ್ರ ಹೋಗಿ ಯಾಕೆ ಕಳಿಸ್ತಿಲ್ಲ ಅಂತ ಕೇಳಿ. ಅವರೇನು ನಿಮ್ಮನ್ನ ಕಚ್ಚಿಬಿಡ್ತಾರಾ?" ಅಂದಳು. ಹೆಂಡತಿ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮು ಎಂದು ಕೂಗಿ ಹೇಳುವವಳು. ಮಾತೆಂದರೆ ಅವಳಿಗೆ ನೀರು ಕುಡಿದ ಹಾಗೆ.

ಯಾಕೆ ಕಳಿಸುತ್ತಿಲ್ಲ ಎಂಬುದು ಅವನಿಗೆ ಗೊತ್ತೇ ಇತ್ತು. ಅದಕ್ಕೇ ಭಯ. ಅಥವಾ ಭಯ ಮೊದಲಿನಿಂದ ಇತ್ತು, ಕಾರಣ ಆಮೇಲೆ ಬಂದು ಅದರ ಪಕ್ಕದಲ್ಲಿ ಕೂತುಕೊಂಡಿತ್ತು. ಎಂಟು ವರ್ಷದವನಾಗಿದ್ದಾಗ ಅಪ್ಪ ಹೊಸ ಛತ್ರಿಯೊಂದನ್ನು ಅವನ ಕೈಗೆ ಕೊಟ್ಟು, ಕಡ್ಡಿ ಮುರಿದಿದೆ, ಅಂಗಡಿಯವನಿಗೆ ತೋರಿಸಿ ಬದಲಾಯಿಸಿಕೊಂಡು ಬಾ ಎಂದು ಕಳಿಸಿದ್ದರು. ಅಂಗಡಿಯ ಎದುರು ಒಂದು ಗಂಟೆ ನಿಂತ. ಅಂಗಡಿಯವನು ಎರಡು ಸಲ ಇವನ ಕಡೆ ನೋಡಿದ, ಒಂದು ಸಲ ಸುಮ್ಮನೆ ನಕ್ಕ ಕೂಡ. ಇವನು ಮನೆಗೆ ವಾಪಸು ಬಂದು "ಕೊಡಲ್ಲವಂತೆ" ಅಂದುಬಿಟ್ಟ. ಮಾರನೆಯ ದಿನ ಅಪ್ಪ ಇವನನ್ನೂ ಎಳೆದುಕೊಂಡು ಹೋಗಿ, ನಾಲ್ಕು ಜನರೆದುರು ಅಂಗಡಿಯವನನ್ನು ಸುಳ್ಳ, ಕಳ್ಳ ಎಂದೆಲ್ಲ ಬೈದರು. ಅಂಗಡಿಯವನು ಒಂದು ಮಾತೂ ಆಡದೆ ಬೇರೆ ಛತ್ರಿ ತೆಗೆದು ಅಪ್ಪನಿಗಲ್ಲ, ಇವನ ಕೈಗೆ ಕೊಟ್ಟ. ಕೊಡುವಾಗ ಇವನ ಮುಖ ನೋಡಿದ. ಕೌಂಟರಿನ ಹುಡುಗಿ ಯಾವುದೋ ಹೆಸರು ಕರೆದಳು. ಯಾರೋ ಎದ್ದು ಒಳಗೆ ಹೋದರು. ಅವನ ಪಕ್ಕದ ಕುರ್ಚಿ ಖಾಲಿಯಾಯಿತು, ಅಲ್ಲಿ ಒಬ್ಬ ವಯಸ್ಸಾದ ಹೆಂಗಸು ಬಂದು ಕೂತರು.

ಕೂತವರು ಕೈಚೀಲದಿಂದ ಮಡಿಸಿದ ಕರ್ಚೀಫು ತೆಗೆದು ತೊಡೆಯ ಮೇಲಿಟ್ಟುಕೊಂಡು ಬಿಚ್ಚಿದರು. ಒಳಗೆ ಹಲ್ಲಿನ ಸೆಟ್ಟು, ಮೇಲಿನದೂ ಕೆಳಗಿನದೂ. ಎಡ ಕೋರೆಹಲ್ಲು ಕೂದಲೆಳೆಯಷ್ಟು ವಾರೆ. ಆಕೆ ಅವನಿಗೆ ಬೆನ್ನು ಮಾಡಿ ಎರಡನ್ನೂ ಬಾಯಿಗೆ ಹಾಕಿಕೊಂಡು, ತಿರುಗಿ, "ಸ್ವಲ್ಪ ಸರೀತೀರಾ?" ಎಂದರು. ಎರಡು ಸಕಾರ; ಎರಡು ಸಲ ಸೀಟಿ ಊದಿತು. ಎದುರು ಸಾಲಿನಲ್ಲಿದ್ದ ಮಗು ಯಾರು ಸೀಟಿ ಹೊಡೆದರೆಂದು ಸುತ್ತ ನೋಡಿತು. "ನೋಡಿದ್ರಲ್ಲ," ಆಕೆ ಅವನಿಗೆ ಹೇಳಿದರು, ಗುರುತಿಲ್ಲದವರೊಂದಿಗೂ ಮಾತಾಡಿ ಅಭ್ಯಾಸವಿದ್ದವರ ಹಾಗೆ, "ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದೋಳು ನಾನು. ಈಗ ಬಾಯಿ ತೆಗೆದ್ರೆ ರೈಲು ಹೊರಟ ಹಾಗೆ. ನನ್ನ ತಂಗಿ ಫೋನಲ್ಲಿ, ಅಕ್ಕಾ ಮನೇಲಿ ಕುಕ್ಕರ್ ಇಟ್ಟಿದ್ದೀಯಾ ಅಂತಾಳೆ. ಅವಳಿಗೂ ಫೋನು ಮಾಡೋದು ಬಿಟ್ಟೆ. ಯಾವ ಪುಣ್ಯಾತ್ಮ ಮಾಡಿದನೋ!" ಪುಣ್ಯಾತ್ಮನಲ್ಲಿ ಸಕಾರ ಇಲ್ಲದ್ದರಿಂದ ಅದು ಸ್ಪಷ್ಟವಾಗಿ ಕೇಳಿಸಿತು. ಅವನು ಹೂಂ ಎಂದ.

ನಾಲ್ಕು ತಿಂಗಳ ಹಿಂದೆ ಆಕೆಯ ಅಚ್ಚಿನ ಡಬ್ಬಿ ಬಂದ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ದವಡೆಯ ಅಚ್ಚುಗಳು ಸರಿಯಾಗಿದ್ದವು. ಜೊತೆಗೆ, ಮೇಲಿನ ದವಡೆ ಕೆಳಗಿನದರ ಮೇಲೆ ಎಲ್ಲಿ ಕೂರುತ್ತದೆಂದು ತಿಳಿಯಲು ಪೇಷೆಂಟು ಕಚ್ಚಿಕೊಟ್ಟ ಮೇಣದ ಪಟ್ಟಿ ಬಂದಿರುತ್ತದೆ. ಯಜಮಾನರ ಅಂಗಡಿಯಲ್ಲಿ ಅದಕ್ಕೆ ಕಚ್ಚು ಅನ್ನುತ್ತಾರೆ. ಕಚ್ಚು ತಪ್ಪಾಗಿತ್ತು. ಆಕೆ ಹೆದರಿಯೋ ಏನೋ ಕೆಳದವಡೆಯನ್ನು ಮುಂದೆ ನೂಕಿ ಕಚ್ಚಿದ್ದರು, ಡಾಕ್ಟರಮ್ಮ ಅವಸರದಲ್ಲಿ ಗಮನಿಸಿರಲಿಲ್ಲ. ಡಬ್ಬಿಯ ಮೇಲೆ "ಟ್ರಯಲ್ ಬೇಡ, ನೇರ ಮುಗಿಸಿ ಕಳಿಸಿ" ಎಂಬ ಚೀಟಿ. ಆ ಹೊತ್ತಿಗೆ ಯಜಮಾನರು ಊರಲ್ಲಿರಲಿಲ್ಲ. ಅವನು ಕಚ್ಚನ್ನು ನಾಲ್ಕು ದಿನ ಮೇಜಿನ ಮೇಲಿಟ್ಟುಕೊಂಡು ನೋಡಿದ. "ಮೇಡಂ, ಕಚ್ಚು ಇನ್ನೊಂದು ಸಲ ತೆಗೆದು ಕಳಿಸುತ್ತೀರಾ" ಎಂದು ಚೀಟಿ ಬರೆದ. ಉದ್ಧಟತನವೆನಿಸಿತು. "ದಯವಿಟ್ಟು" ಸೇರಿಸಿದ. ಆಗಲೂ ಅನಿಸಿತು. ಡಾಕ್ಟರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಾ ಎಂದುಕೊಂಡ, ಗೊತ್ತಿತ್ತು. ಚೀಟಿ ಹರಿದುಹಾಕಿ, ಮುಂದೆ ಬಂದ ಕೆಳದವಡೆಗೆ ಸರಿಹೋಗುವಂತೆ ಮೇಲಿನ ಮುಂಬಲ್ಲುಗಳನ್ನೂ ಚೂರು ಮುಂದಕ್ಕೆ ಎಳೆದು ಕೂರಿಸಿ, ಚೆಂದಾಗಿ ಪಾಲಿಶ್ ಮಾಡಿ ಕಳಿಸಿಬಿಟ್ಟ. ಪಾಲಿಶ್ ಮಾತ್ರ ಅಷ್ಟು ಚೆನ್ನಾಗಿ ಅವನು ಎಂದೂ ಮಾಡಿರಲಿಲ್ಲ.

"ಬಲಗಡೆ ಕೆಳಗೆ ಯಾರ್ರೀ?" ಎಂದು ಒಳಗಿನಿಂದ ಕರೆದರು. ಎದ್ದು ಹೋಗಿಬಿಡಬಹುದಿತ್ತು. ಬಾಗಿಲು ಎರಡೂ ಕಡೆ ಇದ್ದವು. ಆದರೆ ಕರೆದಾಗ ಹೋಗದಿರಲು ಕೂಡ ಒಂದು ಧೈರ್ಯ ಬೇಕು, ಅದೂ ಅವನಲ್ಲಿರಲಿಲ್ಲ. ಒಳಗೆ ಹೋಗಿ ಉದ್ದದ ಕುರ್ಚಿಯಲ್ಲಿ ಒರಗಿದ. ಕೊರಳಿಗೆ ಕಾಗದದ ಬಟ್ಟೆ ಕಟ್ಟಿದರು. ಡಾಕ್ಟರಮ್ಮ ಐವತ್ತು ದಾಟಿದ, ಗಟ್ಟಿ ಮಣಿಕಟ್ಟಿನ ಹೆಂಗಸು. ಮಾತಿಗೆ ಮುಂಚೆ ಅವರ ಕೈ ಪೇಷೆಂಟಿನ ಬಾಯಲ್ಲಿರುತ್ತಿತ್ತು. "ನಾನು... ಮೇಡಂ..." ಎಂದು ಶುರು ಮಾಡಿದ. "ಆ ಅನ್ನಿ." ಆ ಅಂದ. ಕನ್ನಡಿಯ ಕಡ್ಡಿಯಿಂದ ಒಂದು ಸುತ್ತು ನೋಡಿ, "ಹೂಂ, ಕೆಳಗಡೆ ಬಲಗಡೆ. ಪೂರ್ತಿ ತೂತು. ಹೇಗೆ ಸಹಿಸ್ಕೊಂಡಿದ್ರಿ ಇಷ್ಟು ದಿನ? ಒಳ್ಳೇ ಟೈಮಿಗೆ ಬಂದ್ರಿ" ಅಂದರು. ಹಲ್ಲು ಮಾಡುವವನ ಹಲ್ಲು ತೂತಾಗಿತ್ತು, ಅವನಿಗೆ ಗೊತ್ತಿರಲಿಲ್ಲ. ಮೊದಲು ಅವನಿಗಾದದ್ದು ಸಮಾಧಾನ: ಹಾಗಾದರೆ ಕೌಂಟರಿನಲ್ಲಿ ತಾನು ಸುಳ್ಳು ಹೇಳಲಿಲ್ಲ. ಸೂಜಿ ಚುಚ್ಚಿದರು. "ಹತ್ತು ನಿಮಿಷ ಮರಗಟ್ಟಲಿ, ಹಾಗೇ ಇರಿ" ಎಂದು ಪರದೆ ಎಳೆದು, ಆಚೆ ಕಡೆಯ ಕುರ್ಚಿಗೆ ಮುಂದಿನವರನ್ನು ಕರೆಯಲು ಹೇಳಿದರು.

ಮುಂದಿನವರು ಟೀಚರಮ್ಮನೇ. ಪರದೆಯ ಆಚೆ ಅವರ ಸೀಟಿ ಕೇಳಿಸಿತು, ಕೆಳಗಿನ ಸೆಟ್ಟು ಮಾತಿನ ನಡುವೆ ಕಟಕ್ಕೆಂದು ಮೇಲೇಳುವ ಸದ್ದು ಕೇಳಿಸಿತು. "ಅಭ್ಯಾಸ ಆಗುತ್ತೆ ಅಮ್ಮಾ, ನಾನು ಹೋದ ಸಲಾನೂ ಹೇಳಿದೆ." "ನಾಲ್ಕು ತಿಂಗಳಾಯ್ತಲ್ಲ ಡಾಕ್ಟ್ರೇ." "ಹೊಸ ಚಪ್ಪಲಿ ಕೂಡ ಕಚ್ಚುತ್ತೆ." ಮೂರು ಸಲ ಉಜ್ಜಿ ಕೊಟ್ಟಾಗಿತ್ತು, ಇದು ನಾಲ್ಕನೆಯದು. ಉಜ್ಜುವ ಯಂತ್ರದ ಸದ್ದು ಬಂತು. ಎಲ್ಲಿ ಉಜ್ಜುತ್ತಿದ್ದಾರೆಂದು ಸದ್ದಿನಲ್ಲೇ ಅವನಿಗೆ ತಿಳಿಯಿತು. ಅಲ್ಲಿ ಉಜ್ಜಿ ಪ್ರಯೋಜನವಿರಲಿಲ್ಲ. ಯಂತ್ರ ನಿಂತಿತು. ಸೀಟಿ ಹಾಗೇ ಇತ್ತು. "ನಿಮ್ಮ ವಸಡೇ ಹಾಗಿದೆ," ಡಾಕ್ಟರಮ್ಮನ ದನಿಯಲ್ಲಿ ದಣಿವಿತ್ತು, "ಸವೆದು ಹೋಗಿದೆ. ವಯಸ್ಸಾಯ್ತಲ್ಲ, ಏನು ಮಾಡೋಕಾಗುತ್ತೆ?" ಆಮೇಲೆ ಟೀಚರಮ್ಮ ಹಲ್ಲು ತೆಗೆದಿಟ್ಟು, ಬೋಳು ಬಾಯಲ್ಲಿ, "ಹಂಗಾದ್ರೆ ನಂದೇ ತಪ್ಪು ಅನ್ನಿ" ಅಂದರು. ತಪ್ಪು ಒಪ್ಪಿಕೊಂಡ ಒಳ್ಳೆಯ ವಿದ್ಯಾರ್ಥಿಯ ಹಾಗೆ.

ಅವನು ಎದ್ದ. ಎದ್ದದ್ದು ತಾನೇ ಎಂದು ತಿಳಿಯುವ ಹೊತ್ತಿಗೆ ಪರದೆ ಅವನ ಕೈಯಲ್ಲಿತ್ತು. ಕೊರಳಲ್ಲಿ ಕಾಗದದ ಬಟ್ಟೆ, ಬಾಯಿಯ ಬಲಭಾಗ ಯಾರದೋ ಬಾಯಿಯ ಹಾಗೆ, ಅರ್ಧ ನಾಲಿಗೆ ಒದ್ದೆ ಬಟ್ಟೆಯ ಹಾಗೆ. "ವಹಡು ಹರಿಯಾಗಿದೆ" ಎಂದ. ಇಬ್ಬರೂ ಅವನನ್ನು ನೋಡಿದರು. "ವಸಡು ಸರಿಯಾಗಿದೆ" ಎಂದು ಹೇಳಲು ಮತ್ತೆ ಪ್ರಯತ್ನಿಸಿದ, ಮತ್ತೆ ಅದೇ ಬಂತು. ಡಾಕ್ಟರಮ್ಮ, "ಏನ್ರೀ, ಹೋಗಿ ಕೂತ್ಕೊಳ್ಳಿ, ಇನ್ನೂ ಮರಗಟ್ಟಿಲ್ಲ" ಎಂದರು. "ಮರಗಟ್ಟಿದೆ," ಎಂದ, "ನಾನು... ಈ ಹಲ್ಲು ಮಾಡಿದೋನು."

ಡಾಕ್ಟರಮ್ಮ ಕನ್ನಡಕ ಹಣೆಗೆ ಏರಿಸಿ ನೋಡಿದರು. "ಆ ಲ್ಯಾಬಿನವರಾ? ಅಲ್ಲಿ ಕೆಲಸ ಮಾಡೋರು ಮಾತೇ ಆಡಲ್ಲ ಅಂತ ಯಜಮಾನರು ಅಂದಿದ್ರು." "ನಾನೇ ಅದು." ಟೀಚರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಓ, ನೀವೇನಾ ಆ ಪುಣ್ಯಾತ್ಮ" ಎಂದರು. ಕೊರಳಿನ ಕಾಗದದ ಬಟ್ಟೆ ಬಿಚ್ಚಬೇಕೋ ಬೇಡವೋ ಎಂಬುದು ಅವನ ಒಂದು ಯೋಚನೆ. ಇನ್ನೊಂದು ಯೋಚನೆ ಬಾಯಿಯ ಎಡಭಾಗದಿಂದ ಹೊರಗೆ ಬರುತ್ತಿತ್ತು: ಅಚ್ಚು ಸರಿ ಇತ್ತು, ಕಚ್ಚು ತಪ್ಪಿತ್ತು, ಕೆಳದವಡೆ ಮುಂದೆ ಬಂದಿತ್ತು, ಆ ದಿನವೇ ನೋಡಿದೆ, ನೋಡಿಯೂ ಹೇಳಲಿಲ್ಲ. ಅರ್ಧ ಅಕ್ಷರಗಳು ಜಾರಿ ಹೋದವು, ಜೊಲ್ಲು ಗಲ್ಲಕ್ಕೆ ಇಳಿಯಿತು, ಒರೆಸಿಕೊಂಡು ಮುಂದುವರಿಸಿದ. ಡಾಕ್ಟರಮ್ಮನ ಮುಖ ಕೆಂಪಾಯಿತು. "ಅಂದ್ರೆ, ಕಚ್ಚು ತೆಗೆಯೋದು ನನಗೆ ಬರಲ್ಲ ಅಂತ ನನ್ನ ಪೇಷೆಂಟಿನ ಮುಂದೆ ಹೇಳ್ತಿದ್ದೀರಾ?" ಇಲ್ಲ ಮೇಡಂ ಎನ್ನುವುದು ಅವನ ಹುಟ್ಟುಗುಣ. "ಆ ದಿನ ತಪ್ಪಿತ್ತು," ಎಂದ. "ಇವತ್ತು ತೆಗೀರಿ. ನಾನು ಇಲ್ಲೇ ನಿಂತಿರ್ತೀನಿ."

ಡಾಕ್ಟರಮ್ಮ ಉಜ್ಜುವ ಯಂತ್ರವನ್ನು ಟ್ರೇಗೆ ಇಟ್ಟರು. ಟೀಚರಮ್ಮನೇ, "ತೆಗೀರಿ ಡಾಕ್ಟ್ರೇ, ನನಗೇನೂ ಅವಸರ ಇಲ್ಲ, ಯಾರ ಜೊತೆಗೂ ಮಾತಿಲ್ಲ ಕತೆಯಿಲ್ಲ" ಎಂದು ಬಾಯಿ ತೆರೆದು ಒರಗಿದರು. ಮೇಣ ಬಿಸಿಯಾಯಿತು. ಮೊದಲ ಸಲ ಕಚ್ಚಿದಾಗ ಅವನು "ಮುಂದೆ ಬಂತು" ಅಂದ. ಡಾಕ್ಟರಮ್ಮ ಮೇಣ ತೆಗೆದು ಎಸೆದರು. ಎರಡನೆಯ ಸಲವೂ ಮುಂದೆ ಬಂತು. ಮೂರನೆಯ ಸಲ ಅವನು, "ಅಮ್ಮಾ, ನಾಲಿಗೆ ತುದೀನ ಹಿಂದಕ್ಕೆ ಮಡಚಿ ಅಂಗುಳಕ್ಕೆ ಒತ್ತಿ, ಎಂಜಲು ನುಂಗೋ ಹಾಗೆ ಮಾಡಿ ಕಚ್ಚಿ" ಎಂದ. ಯಜಮಾನರು ಕಲಿಸಿದ್ದು, ಈವರೆಗೆ ಜೀವಂತ ಬಾಯಿಗೆ ಅವನು ಹೇಳಿರಲಿಲ್ಲ. ದವಡೆ ತನ್ನ ಜಾಗಕ್ಕೆ ಹೋಗಿ ಕೂತಿತು. ಡಾಕ್ಟರಮ್ಮ ಬಗ್ಗಿ ನೋಡಿ, ಮೇಣ ತಣ್ಣಗಾಗುವವರೆಗೆ ಹಾಗೇ ಹಿಡಿದಿದ್ದು, ಡಬ್ಬಿಗೆ ಹಾಕಿ ಹಲ್ಲಿನ ಸೆಟ್ಟಿನ ಜೊತೆ ಅವನ ಕೈಗಿಟ್ಟರು. "ಈಗ ನಿಮ್ಮ ಹಲ್ಲು," ಎಂದು ಅವನನ್ನು ಕುರ್ಚಿಗೆ ಕಳಿಸಿ, ತೂತಾದ ಹಲ್ಲನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಜೋರಾಗಿ ಕೊರೆದರು.

ಹೊರಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಕೆಲಸ ಯಾಕೆ ಕಳಿಸುತ್ತಿಲ್ಲ ಎಂದು ಕೇಳುವುದನ್ನೇ ಮರೆತಿದ್ದೇನೆಂದು ಬಸ್ ಸ್ಟಾಪಿನಲ್ಲಿ ನೆನಪಾಯಿತು. ಕೆಲಸ ಕೇಳಲು ಹೋದವನು ಪುಕ್ಕಟೆ ಮಾಡಿಕೊಡಬೇಕಾದ ಒಂದು ಕೆಲಸ ತಂದಿದ್ದ. ಹೆಂಡತಿಗೆ ಇದನ್ನು ಹೇಗೆ ಹೇಳುವುದೆಂದು ಯೋಚಿಸಿದ. ಬಾಯಿಯ ಬಲಭಾಗ ಇನ್ನೂ ಮರಗಟ್ಟಿಯೇ ಇತ್ತು. ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಅವನಿಗೆ ಒಂದು ದಿಗಿಲು ಹತ್ತಿತು: ಈ ಜೋಮು ಬಿಟ್ಟಿತೆಂದರೆ ತಾನು ಮತ್ತೆ ಮೊದಲಿನ ಹಾಗೇ ಆಗಿಬಿಡುತ್ತೇನೆ. ಮನೆಯ ಬಸ್ಸು ಬಿಟ್ಟು ಅಂಗಡಿಯ ಬಸ್ಸು ಹತ್ತಿದ. ಯಜಮಾನರು ಬಾಗಿಲು ಹಾಕುವ ತಯಾರಿಯಲ್ಲಿದ್ದರು. "ನಾನು ನಡೆಹ್ತೀನಿ" ಎಂದ. "ಎಲ್ಲಿಗೆ ನಡೀತೀಯ? ಬಸ್ಸಿಲ್ವಾ?" "ಅಂಗಡಿ. ನಾನೇ ನಡೆಹ್ತೀನಿ." ಯಜಮಾನರು ಅವನ ವಾರೆಯಾದ ತುಟಿ ನೋಡಿ ಗಾಬರಿಯಾಗಿ, ಲಕ್ವ ಹೊಡೆದಿದೆಯೆಂದುಕೊಂಡು, ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟರು. ನೀರು ಬಲಗಡೆಯಿಂದ ಅಂಗಿಯ ಮೇಲೆ ಹರಿಯಿತು. ಎಲ್ಲ ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಕೇಳಿದ ಮೇಲೆ ಯಜಮಾನರು ಬೀಗದ ಕೈ ಮೇಜಿನ ಮೇಲಿಟ್ಟು, ಅವನ ಕಡೆ ಸರಿಸಿದರು.

ಆರು ದಿನ ಅವನು ಆ ಸೆಟ್ಟಿನ ಕೆಲಸ ಮಾಡಿದ. ಹಳೆಯದನ್ನು ತಿದ್ದಲಿಲ್ಲ, ಹೊಸದಾಗಿಯೇ ಕೂರಿಸಿದ. ಮೇಣದಲ್ಲಿ ಟ್ರಯಲ್ ಆಗಲೇಬೇಕೆಂದು ಚೀಟಿ ಬರೆದ, ಹರಿಯಲಿಲ್ಲ, ಕಳಿಸಿದ. ಡಾಕ್ಟರಮ್ಮ ಟ್ರಯಲ್ ನೋಡಿ "ಸರಿ" ಎಂಬ ಒಂದೇ ಮಾತು ಬರೆದು ವಾಪಸು ಕಳಿಸಿದರು. ಏಳನೆಯ ದಿನ ಡಬ್ಬಿ ಹಿಡಿದು ತಾನೇ ಹೋದ. ಟೀಚರಮ್ಮ ಹಲ್ಲು ಹಾಕಿಕೊಂಡು, ಬಾಯಿ ಮುಚ್ಚಿ, ತೆರೆದು, ಗೋಡೆಯ ಕಡೆ ನೋಡುತ್ತ ನಿಧಾನವಾಗಿ "ಸೋಮವಾರ, ಶನಿವಾರ, ಸಾಸಿವೆ, ಸಂಸಾರ" ಎಂದರು. ಗಾಳಿ ಎಲ್ಲೂ ತಪ್ಪಿಸಿಕೊಳ್ಳಲಿಲ್ಲ. ಆಮೇಲೆ ಅವನ ಕಡೆ ತಿರುಗಿ, "ಸುಮ್ಮನೆ ಇದ್ದುಬಿಟ್ರಲ್ಲ, ನಾಲ್ಕು ತಿಂಗಳು. ಸರಿಯಾ ಅದು?" ಎಂದು ಕೇಳಿದರು. ಸಕಾರಗಳೆಲ್ಲ ಕತ್ತರಿಸಿದ ಹಾಗೆ ಸ್ಪಷ್ಟವಾಗಿದ್ದವು. ಸರಿಯಲ್ಲ ಎಂದ. ಅವರು ಹೌದೆನ್ನುವಂತೆ ತಲೆ ಆಡಿಸಿ, ಕೈಚೀಲ ತೆಗೆದುಕೊಂಡು ಹೋದರು. ಬಾಗಿಲ ಆಚೆ ಕೌಂಟರಿನ ಹುಡುಗಿಯೊಂದಿಗೆ ಅಗತ್ಯಕ್ಕಿಂತ ಹೆಚ್ಚು ಮಾತಾಡುವುದು ಕೇಳಿಸಿತು.

ಅವನು ಹೊರಡಲು ಎದ್ದಾಗ ಡಾಕ್ಟರಮ್ಮ "ಒಂದು ನಿಮಿಷ" ಎಂದು ಬಾಗಿಲು ಹಾಕಿದರು. ಬೈಗುಳ ಬಾಕಿ ಇದೆಯೆಂದುಕೊಂಡು ಅವನು ನಿಂತ. ಅವರು ಮೇಜಿನ ಕೆಳಗಿನ ಡ್ರಾಯರನ್ನು ಪೂರ್ತಿ ಎಳೆದರು. ಒಳಗೆ ಪ್ಲಾಸ್ಟಿಕ್ ಚೀಲಗಳು, ಪ್ರತಿಯೊಂದರಲ್ಲೂ ಹಲ್ಲಿನ ಸೆಟ್ಟು, ಹೆಸರಿನ ಚೀಟಿ. ಏಳು. "ಪೇಷೆಂಟುಗಳು ವಾಪಸು ಕೊಟ್ಟು ಹೋದದ್ದು," ಎಂದರು, ಡ್ರಾಯರಿನ ಕಡೆಗೇ ನೋಡುತ್ತ. "ಆಮೇಲೆ ಬನ್ನಿ, ಹೇಳಿ ಕಳಿಸ್ತೀನಿ ಅಂದಿದ್ದೆ. ಹೇಳಿ ಕಳಿಸಲಿಲ್ಲ." ಅವನು ಒಂದೊಂದಾಗಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಇದು ತನ್ನದು, ಇದೂ ತನ್ನದು, ಈ ಎರಡೂ ತನ್ನವೇ. ಇದು ಕೈ ನಡುಗಲು ಶುರುವಾದ ಮೇಲೆ ಯಜಮಾನರು ಮಾಡಿದ್ದು. ಇನ್ನೆರಡು ಯಾರದೋ. "ಅದು ದೊಡ್ಡ ಲ್ಯಾಬಿನದು, ಹೋದ ತಿಂಗಳದ್ದು," ಡಾಕ್ಟರಮ್ಮ ಅಂದರು. "ಅಲ್ಲೂ ಹೀಗೇ ಆಯ್ತು. ಆಗ ಗೊತ್ತಾಯ್ತು ನನ್ನ ಕಚ್ಚೇ ತಪ್ಪುತ್ತಿದೆ ಅಂತ. ಕಣ್ಣು ಮೊದಲಿನ ಹಾಗಿಲ್ಲ. ಯಾರಿಗೆ ಹೇಳೋದು?"

ಅವನಿಗೆ ಅವರ ಮುಖ ಮೂಗಿನಿಂದ ಮೇಲೂ ಕಂಡಿತು. "ಏಳೂ ಜನರನ್ನ ಕರೆಸೋಣ," ಎಂದ. "ಕಚ್ಚು ತೆಗೆಯೋವಾಗ ನಾನು ಬಂದು ನಿಂತಿರ್ತೀನಿ." "ಕರೆಸಿ ಏನಂತ ಹೇಳೋದು? ಒಬ್ಬರು ರಿಟೈರಾದ ಲಾಯರು ಇದ್ದಾರೆ ಅದರಲ್ಲಿ." "ತಪ್ಪಾಗಿದೆ, ಸರಿ ಮಾಡಿಕೊಡ್ತೀವಿ ಅಂತ." "ನೀವು ಹೇಳ್ತೀರಾ?" ಹೋದ ವಾರ ಇಷ್ಟೆಲ್ಲ ಆದ ಮೇಲೆ ಭಯ ಹೋಗಿರಬಹುದೆಂದು ಅವನು ಅಂದುಕೊಂಡಿದ್ದ. ಹೋಗಿರಲಿಲ್ಲ; ಇವತ್ತು ಬಾಯಿ ಮರಗಟ್ಟಿಯೂ ಇರಲಿಲ್ಲ. "ಹೇಳ್ತೀನಿ," ಎಂದ. "ಲಾಯರಿಗೇ ಮೊದಲು ಮಾಡಿ."

ಡಾಕ್ಟರಮ್ಮ ನಂಬರು ಒತ್ತಿ ಫೋನನ್ನು ಅವನ ಕೈಗಿಟ್ಟು, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಆ ಕಡೆ ಎತ್ತಿದರು. "ಯಾರು?" ಎಂದಿತು ಹಲ್ಲಿಲ್ಲದ ಗಂಡುದನಿ.

"ನಿಮ್ಮ ಹಲ್ಲು ಮಾಡಿದವನು," ಎಂದ ಅವನು.

ಆ ಕಡೆ ಬೈಗುಳ ಶುರುವಾಯಿತು. ವರ್ಷದಿಂದ ಕೂಡಿಟ್ಟ ಬೈಗುಳ, ನೆನೆಸಿದ ಬ್ರೆಡ್ಡು ತಿಂದು ತಿಂದು ಬೇಸತ್ತ ಬಾಯಿಯದು. ಅರ್ಧ ಮಾತ್ರ ತಿಳಿಯುತ್ತಿತ್ತು, ಆ ಅರ್ಧವೇ ಸಾಕಾಗಿತ್ತು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು, ಒಂದು ಮಾತೂ ತಪ್ಪದ ಹಾಗೆ, ಮುಗಿಯುವವರೆಗೆ ಕೇಳಿದ. ಆಮೇಲೆ ಕ್ಯಾಲೆಂಡರಿನ ಕಡೆ ನೋಡಿ, "ಗುರುವಾರ ಹನ್ನೊಂದು ಗಂಟೆಗೆ ಬರ್ತೀರಾ ಸಾರ್?" ಎಂದ.